ಅಂಚಿನಿಂದ ಕಿತ್ತ ನೂಲು

ಬೆಳಕು ಹರಿಯುವ ಹೊತ್ತಿಗೆ ಊರಿನವರೆಲ್ಲ ಕಿಟಕಿ ತೆರೆದರೆ, ರಫೂ ಅಕ್ಕ ಆಸ್ಪತ್ರೆಯೊಂದರ ಕಿಟಕಿಯೇ ಇಲ್ಲದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಬಾಗಿಲು ದಾಟುವುದು ಸುಲಭವಲ್ಲ. ಚಪ್ಪಲಿ ಹೊರಗೆ, ಗಡಿಯಾರ ಹೊರಗೆ, ಫೋನು ಹೊರಗೆ. ಸೆಂಟು ಹಾಕಿಕೊಂಡವರು ಹೊಸ್ತಿಲ ಆಚೆಯೇ ನಿಲ್ಲಬೇಕು. ನೋಡಲು ಬಂದವರನ್ನು ಅಕ್ಕ ಹೊಸ್ತಿಲಲ್ಲಿ ತಡೆದು, ಹಣ್ಣು ಕೊಳ್ಳುವವರ ಹಾಗೆ ಒಮ್ಮೆ ಮೂಸಿ ನೋಡುತ್ತಾರೆ.

“ಶೇವಿಂಗ್ ಸೋಪಾ?”

ಹೌದು ಎಂದರೆ ತೀರ್ಪು ಸಿದ್ಧವಾಗಿಯೇ ಇರುತ್ತದೆ. “ನಾಳೆ ಗಡ್ಡ ಬಿಟ್ಕೊಂಡೇ ಬನ್ನಿ. ಒಳಗಿರೋರಿಗೆ ಗಡ್ಡ ಆದ್ರೆ ನಡೆಯುತ್ತೆ, ವಾಸನೆ ಆಗಲ್ಲ.”

ಒಳಗಿರೋರು ಎಂದರೆ ಭ್ರೂಣಗಳು. ಮಕ್ಕಳಾಗದೆ ಚಿಕಿತ್ಸೆಗೆ ಬಂದ ದಂಪತಿಗಳಿಂದ ಅಂಡ ಮತ್ತು ವೀರ್ಯ ಪಡೆದು, ತಾಯಿಯ ಮೈಯ ಹೊರಗೆ ಕೂಡಿಸಿ, ಐದು ದಿನ ಕಾವಿನಲ್ಲಿಟ್ಟು ಬೆಳೆಸಿದವು. ಒಂದೊಂದೂ ಕಣ್ಣಿಗೆ ಬಿದ್ದ ದೂಳಿನ ಕಣದಷ್ಟು; ಕಣ್ಣಿಗೆ ಬಿದ್ದರೂ ಕಣ್ಣಿಗೆ ಕಾಣದಷ್ಟು. ಅದರ ಅಂಚಿನಿಂದ ಐದಾರು ಜೀವಕೋಶಗಳನ್ನು, ಉಳಿದವಕ್ಕೆ ನೋವಾಗದಂತೆ, ಬಿಡಿಸಿ ತೆಗೆಯುವುದು ಅಕ್ಕನ ಕೆಲಸ. ತೆಗೆದ ಕೋಶಗಳು ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗುತ್ತವೆ. ಅಲ್ಲಿ ಅವುಗಳೊಳಗಿನ ವರ್ಣತಂತುಗಳ ಲೆಕ್ಕ ನೋಡುತ್ತಾರೆ. ಲೆಕ್ಕ ಸರಿಯಿದ್ದರೆ ಭ್ರೂಣ ತಾಯಿಯ ಒಡಲಿಗೆ. ಹೆಚ್ಚುಕಡಿಮೆ ಬಂದರೆ ಸಾಮಾನ್ಯವಾಗಿ ಅಲ್ಲಿಗೆ ಕಥೆ ಮುಗಿಯುತ್ತದೆ.

ಇವತ್ತಿನ ತಟ್ಟೆಯಲ್ಲಿ ಇರುವುದು ಒಂದೇ ಒಂದು. ಮೊದಲ ದಿನ ಅದಕ್ಕೆ ಒಡಹುಟ್ಟಿದವರಿದ್ದರು. ಒಂದೊಂದಾಗಿ ಬೆಳವಣಿಗೆ ನಿಲ್ಲಿಸಿದವು. ಉಳಿದ ಈ ಒಂದು ರಾತ್ರಿಯಿಡೀ ಉಬ್ಬಿ, ಬೆಳಗಿನ ಹೊತ್ತಿಗೆ ಪೂರಿಯ ಹಾಗೆ ದುಂಡಗೆ ನಿಂತಿದೆ.

“ಹೆಸರು,” ಎನ್ನುತ್ತಾರೆ ಅಕ್ಕ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

ಪಕ್ಕದಲ್ಲಿ ನಿಂತ ವ್ಯಕ್ತಿ ತಟ್ಟೆಯ ಮೇಲಿನ ಹೆಸರು ಮತ್ತು ಸಂಖ್ಯೆಯನ್ನು ಗಟ್ಟಿಯಾಗಿ, ಬಿಡಿಬಿಡಿಯಾಗಿ ಓದುತ್ತಾರೆ. ಇವರು ಸಾಕ್ಷಿಯಣ್ಣ. ಭ್ರೂಣವೊಂದು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಎರಡನೆಯ ಜೋಡಿ ಕಣ್ಣು ನೋಡಿರಬೇಕು, ಬಾಯಿಬಿಟ್ಟು ಹೇಳಿರಬೇಕು ಎಂಬುದು ಇಲ್ಲಿನ ನಿಯಮ. ಒಬ್ಬರ ಮಗು ಇನ್ನೊಬ್ಬರ ಹೊಟ್ಟೆ ಸೇರಿದರೆ ಕ್ಷಮಿಸಿ ಎನ್ನುವುದಕ್ಕೆ ಯಾವ ಭಾಷೆಯಲ್ಲೂ ಪದವಿಲ್ಲ. ಸಾಕ್ಷಿಯಣ್ಣ ಹಿಂದೆ ರೈಲು ನಿಲ್ದಾಣದಲ್ಲಿ ಘೋಷಣೆ ಓದುತ್ತಿದ್ದವರು. ಆ ದನಿ ಇನ್ನೂ ಹೋಗಿಲ್ಲ. ಭ್ರೂಣ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆಯೇನೋ ಎನಿಸುತ್ತದೆ.

ಅಕ್ಕನ ಎಡಗೈಯ ಗಾಜಿನ ನಳಿಕೆ ಭ್ರೂಣವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಹೊರಗಿನ ತೆಳ್ಳನೆಯ ಸಿಪ್ಪೆಗೆ ಲೇಸರ್ ಒಂದು ತೂತು ಕೊರೆಯುತ್ತದೆ. ಬಲಗೈಯ ನಳಿಕೆ ಆ ತೂತಿನಿಂದ ನಾಲ್ಕಾರು ಕೋಶಗಳನ್ನು ಹೀರಿ ಎಳೆಯುತ್ತದೆ. ಅಂಟಿನ ಹಾಗೆ ಅವು ಹಿಗ್ಗುತ್ತವೆ. ಲೇಸರ್ ಎಳೆಯನ್ನು ಕತ್ತರಿಸುತ್ತದೆ. ಕತ್ತರಿಸಬೇಕು. ಇವತ್ತು ಒಂದು ಎಳೆ ಹಠ ಹಿಡಿದಿದೆ.

“ಬಾರೇ, ಬಾ,” ಎಂದು ಅಕ್ಕ ಗೊಣಗುತ್ತಾರೆ. ಲೇಸರ್ ಇನ್ನೊಮ್ಮೆ ಮಿಂಚುತ್ತದೆ. ಎಳೆ ಕಡಿಯುತ್ತದೆ. ಅಕ್ಕ ಲೊಚಗುಟ್ಟುತ್ತಾರೆ. ಇನ್ನೊಂದು ಮಿಂಚು ಬೇಕಾಗಿ ಬಂದಿದ್ದು ಅವರಿಗೆ ಹಿಡಿಸಿಲ್ಲ. ಮುಂದೆ ಈ ಲೊಚಗುಟ್ಟುವಿಕೆಯ ನೆನಪು ಅವರ ನಿದ್ದೆ ಕೆಡಿಸಲಿದೆ. ಸದ್ಯಕ್ಕೆ ಭ್ರೂಣವನ್ನು ಹೆಪ್ಪುಗಟ್ಟಿಸಿ, ಹೊಗೆಯಾಡುವ ನೈಟ್ರೋಜನ್ ಡಬ್ಬಿಗೆ ಇಳಿಸಿ, ಕತ್ತು ನೀವಿಕೊಂಡು ಏಳುತ್ತಾರೆ.

ಇಷ್ಟು ಹೊತ್ತು ಅವರು ಉಸಿರಾಡಿದ್ದನ್ನು ಯಾರೂ ನೋಡಿಲ್ಲ.

ಈ ಕೋಣೆಯಲ್ಲಿ ‘ಮಗು’ ಎಂಬ ಮಾತಿಗೆ ಪ್ರವೇಶವಿಲ್ಲ. ಅದು ಅಕ್ಕನದೇ ಕಾನೂನು. “ಎಂಬ್ರಿಯೊ ಅನ್ನಿ, ಅದು ಅನ್ನಿ, ಏನಾದ್ರೂ ಅನ್ನಿ. ಮಗು ಅಂದ್ರೆ ಕೈ ನಡುಗುತ್ತೆ. ಕೈ ನಡುಗಿದ್ರೆ ಅದು ಏನೂ ಆಗಲ್ಲ, ಮಗೂನೂ ಆಗಲ್ಲ.”

ವರ್ಣತಂತು ಎಂಬುದು ಶಾಲೆಯ ಪುಸ್ತಕದಲ್ಲಿ ಪರೀಕ್ಷೆಯ ಮರುದಿನ ಮರೆತುಹೋಗುವ ಪದ. ಈ ಕೋಣೆಯ ಹೊಸ್ತಿಲಲ್ಲಿ ನಿಂತಾಗ ಮಾತ್ರ ಅದು ಮೈ ಜುಮ್ಮೆನಿಸುತ್ತದೆ. ಪ್ರತಿ ಕೋಶದಲ್ಲೂ ಇಪ್ಪತ್ತಮೂರು ಜೋಡಿ ತಂತು. ಅರ್ಧ ತಾಯಿಯದು, ಅರ್ಧ ತಂದೆಯದು. ತಂದೆಯ ಪಾಲು ಮೊನ್ನೆ ಮೊನ್ನೆ ತಯಾರಾದದ್ದು. ತಾಯಿಯ ಪಾಲಿನ ಕಥೆಯೇ ಬೇರೆ. ಹೆಣ್ಣೊಬ್ಬಳು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿ ಮುದುಡಿ ಮಲಗಿದ್ದಾಗಲೇ ಅವಳ ಅಂಡಗಳೆಲ್ಲ ಮೂಡಿರುತ್ತವೆ. ತಂತುಗಳು ಜೋಡಿ ಜೋಡಿಯಾಗಿ ಕೈ ಹಿಡಿದು ಅಂದಿನಿಂದಲೇ ಕಾದು ನಿಂತಿರುತ್ತವೆ. ಅವಳು ಹುಟ್ಟುತ್ತಾಳೆ, ಶಾಲೆಗೆ ಹೋಗುತ್ತಾಳೆ, ಕೆಲಸ ಹಿಡಿಯುತ್ತಾಳೆ, ಮದುವೆಯಾಗುತ್ತಾಳೆ. ಅವು ಹಿಡಿದ ಕೈ ಬಿಟ್ಟಿರುವುದಿಲ್ಲ. ನಲವತ್ತು ವರ್ಷ ಕಾದ ಮೇಲೆ ಒಂದು ದಿನ ಕರೆ ಬರುತ್ತದೆ: ಈಗ ಬಿಡಿ, ಸರಿಯಾಗಿ ಪಾಲಾಗಿ.

“ಕಚ್ಚಾ ಹೊಲಿಗೆ ಅದು,” ಎನ್ನುತ್ತಾರೆ ಅಕ್ಕ. “ಒಂದು ವಾರಕ್ಕೆ ಅಂತ ಹಾಕಿರೋ ಹೊಲಿಗೆ ನಲವತ್ತು ವರ್ಷ ನಿಂತ್ಕೊಂಡಿದೆ. ಒಂದು ಕಡೆ ಬಿಟ್ಟುಹೋದ್ರೆ ಯಾರನ್ನ ಬೈತೀರಿ? ನನಗೆ ತಪ್ಪಾಗಿದ್ದು ನೋಡಿದ್ರೆ ಆಶ್ಚರ್ಯ ಆಗಲ್ಲ. ಸರಿಯಾಗಿದ್ದು ನೋಡಿದ್ರೆ ಆಗುತ್ತೆ. ಇಷ್ಟು ವರ್ಷ ಆಯ್ತು, ದಿನಾ ಆಗುತ್ತೆ.”

ಹೊಲಿಗೆಯ ಮಾತು ಅವರ ಬಾಯಿಗೆ ಬರುವುದು ತಾಯಿಯಿಂದ ಬಂದ ಬಳುವಳಿ. ಅಕ್ಕನ ತಾಯಿ ರಫೂ ಮಾಡುತ್ತಿದ್ದವರು. ಡ್ರೈಕ್ಲೀನಿಂಗ್ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಇಲಿ ಕಡಿದ ಕೋಟು, ಸಿಗರೇಟಿನ ಕಿಡಿ ತಾಗಿದ ಪ್ಯಾಂಟುಗಳ ತೂತನ್ನು ಇತ್ತೇ ಇಲ್ಲವೇ ಎನ್ನುವಂತೆ ಮುಚ್ಚುತ್ತಿದ್ದರು. ಆ ಕಸುಬಿನ ಗುಟ್ಟು ಒಂದೇ: ಹೊಸ ನೂಲು ತರುವ ಹಾಗಿಲ್ಲ. ಅದೇ ಬಟ್ಟೆಯ ಒಳ ಅಂಚನ್ನು ಬಿಚ್ಚಿ, ಅಲ್ಲಿಂದ ಎಳೆ ಕಿತ್ತು, ಮುಂಭಾಗದ ತೂತಿಗೆ ಹೆಣೆಯಬೇಕು. ಮಗಳು ಅಕ್ಷರಕ್ಕಿಂತ ಮೊದಲು ಎಳೆ ಕೀಳುವುದನ್ನು ಕಲಿತಳು.

ಓದು ಮುಗಿಸಿ ಮೊದಲು ಸೇರಿದ್ದು ಪಶುವೈದ್ಯರ ಪ್ರಯೋಗಾಲಯಕ್ಕೆ. ಅಲ್ಲಿ ಹಸುಗಳ ಭ್ರೂಣಗಳ ಮೇಲೆ ಕೈ ಪಳಗಿತು. “ಹಸು ಒಳ್ಳೇದು. ರಿಪೋರ್ಟ್ ಏನಾಯ್ತು ಅಂತ ಫೋನ್ ಮಾಡಲ್ಲ,” ಎಂದು ನಗುತ್ತಾರೆ. ಆಮೇಲೆ ಇಲ್ಲಿಗೆ ಬಂದರು. ಕಲಿತದ್ದು ಸುಲಭವಾಗಿ ಅಲ್ಲ. ಕಿತ್ತ ಕೋಶಗಳನ್ನು ಸಾಸಿವೆ ಹಿಡಿಸದಂಥ ಕೊಳವೆಯ ತಳಕ್ಕೆ ಇಳಿಸಬೇಕು. ಇಳಿಯಿತೋ ನಳಿಕೆಗೇ ಅಂಟಿಕೊಂಡಿತೋ ಕಣ್ಣಿಗೆ ಗೊತ್ತಾಗುವುದಿಲ್ಲ. ಖಾಲಿ ಕೊಳವೆಯನ್ನು ಭಕ್ತಿಯಿಂದ ಪ್ಯಾಕ್ ಮಾಡಿ ಕಳಿಸಿ, ಎರಡು ವಾರ ಕಾದು, ‘ಒಳಗೆ ಏನೂ ಇರಲಿಲ್ಲ’ ಎಂಬ ಉತ್ತರ ಪಡೆಯುವ ಅವಮಾನ ಈ ಕಸುಬಿನವರಿಗೆ ಮಾತ್ರ ಗೊತ್ತು. ಕತ್ತು ಸವೆದಿದೆ, ಬಲಗಣ್ಣಿನ ನಂಬರು ಏರಿದೆ. ಕೈ ಮಾತ್ರ ಕಲ್ಲಿನ ಹಾಗೆ. ಆ ಕೈಯ ಬಗ್ಗೆ ಅಕ್ಕನಿಗೆ ಇರುವ ಹೆಮ್ಮೆ ಸಣ್ಣದಲ್ಲ. ವಿನಯದ ಮಾತಾಡುವಾಗಲೂ ಅದು ಇಣುಕುತ್ತದೆ. ಹೆಸರಾಂತ ಗಾಯಕರಿಗೆ ಗಂಟಲು ಹೇಗೋ ಹಾಗೆ. ಬೀಗ ತೆಗೆಯಲು ಬಲಗೈ ಬಳಸುವುದಿಲ್ಲ.

ಬೀದಿಯವರಿಗೆ ಇದೊಂದೂ ಗೊತ್ತಿಲ್ಲ. ಇನ್‌ಕ್ಯುಬೇಟರ್, ಮೊಟ್ಟೆ, ಕಾವು ಎಂಬ ಮಾತು ಕಿವಿಗೆ ಬಿದ್ದ ಪಕ್ಕದ ಮನೆಯಾಕೆ ವರ್ಷಗಟ್ಟಲೆ ಇವರು ಕೋಳಿ ಫಾರಂನಲ್ಲಿದ್ದಾರೆ ಎಂದೇ ನಂಬಿದ್ದರು. ನಾಟಿ ಮೊಟ್ಟೆ ಅರ್ಧ ಡಜನ್ ತಂದುಕೊಡಿ ಎಂದೂ ಕೇಳಿದ್ದುಂಟು. ನಿಜ ತಿಳಿದ ಮೇಲೆ ಇನ್ನೊಂದು ವರಸೆ ಶುರುವಾಯಿತು: ಊರಿಗೆಲ್ಲ ಮಕ್ಕಳು ಕೊಡುವವಳು, ತಾನು ಮದುವೆಯೇ ಆಗಿಲ್ಲವಲ್ಲ! ಅಕ್ಕನ ಉತ್ತರ ಸಿದ್ಧ. “ಟೈಲರು ಹೊಲಿದ ಅಂಗಿಯನ್ನೆಲ್ಲ ತಾನೇ ಹಾಕ್ಕೊಂಡು ಓಡಾಡ್ತಾನಾ?”

ಎರಡು ವಾರದ ಮೇಲೆ ಆ ಒಂಟಿ ಭ್ರೂಣದ ವರದಿ ಬರುತ್ತದೆ. ಸರಿ ಎಂದೂ ಇಲ್ಲ, ತಪ್ಪು ಎಂದೂ ಇಲ್ಲ. ಮಿಶ್ರ.

ಮೇಲಿನ ಮಹಡಿಯಲ್ಲಿ, ಚಿಕಿತ್ಸೆ ಕೊಡುವ ಡಾಕ್ಟರಮ್ಮನ ಕೋಣೆಯಲ್ಲಿ ಭ್ರೂಣದ ತಾಯಿ ತಂದೆ ಕೂತಿದ್ದಾರೆ. ಆಕೆ ಬಸ್ ಕಂಡಕ್ಟರು, ಡ್ಯೂಟಿಯ ಸಮವಸ್ತ್ರದಲ್ಲೇ ಬಂದಿದ್ದಾರೆ, ನಲವತ್ತು ದಾಟಿದವರು. ಗಂಡ ಬಡಗಿ, ಮಾತು ಕಡಿಮೆ, ಕೈಗೆ ಸಿಕ್ಕ ಮೇಜಿನ ಅಂಚನ್ನು ಸವರುತ್ತ ಕೂತಿದ್ದಾರೆ. ಮತ್ತೆ ಅಂಡ ತೆಗೆಯುವ ಪ್ರಯತ್ನಕ್ಕೆ ಆಕೆಯ ಮೈ ಒಪ್ಪುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿದೆ. ಇದ್ದರೆ ಈ ಒಂದು. ಇಲ್ಲದಿದ್ದರೆ ಇಲ್ಲ.

“ಹಾಗಾದ್ರೆ ಫೇಲಾ ಮೇಡಂ?” ಕಂಡಕ್ಟರು ಕೇಳುತ್ತಾರೆ.

“ಫೇಲ್ ಅಲ್ಲಮ್ಮ. ಪಾಸೂ ಅಲ್ಲ.”

“ಒಂದು ಸಬ್ಜೆಕ್ಟ್ ಹೋದ್ರೆ ಸಪ್ಲಿಮೆಂಟರಿ ಇರುತ್ತಲ್ವಾ?”

ಡಾಕ್ಟರಮ್ಮ ನಗುವುದಿಲ್ಲ, ನಗದೆ ಇರಲು ಕಷ್ಟಪಡುತ್ತಾರೆ. ಅಂಡದಲ್ಲೇ ತಪ್ಪಿದ್ದರೆ ಎಲ್ಲ ಕೋಶಗಳಲ್ಲೂ ತಪ್ಪಿರುತ್ತದೆ ಎಂದು ವಿವರಿಸುತ್ತಾರೆ. ಇಲ್ಲಿ ಹಾಗಾಗಿಲ್ಲ. ಶುರು ಸರಿಯಾಗಿತ್ತು, ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗುವಾಗ ಎಲ್ಲೋ ಯಾವುದೋ ಕೋಶ ಎಡವಿದೆ. ಕಿತ್ತ ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಒಂದು ವರ್ಣತಂತು ಎರಡರ ಬದಲು ಮೂರಿದ್ದಂತೆ ಕಾಣುತ್ತಿದೆ.

ಕಂಡಕ್ಟರು ಇದನ್ನು ತಮ್ಮ ಭಾಷೆಗೆ ತಂದುಕೊಳ್ಳುತ್ತಾರೆ. “ಅಂದ್ರೆ ಬಸ್ ತುಂಬ ಜನ ಟಿಕೆಟ್ ತಗೊಂಡು ಕೂತಿದಾರೆ. ಯಾರೋ ಇಬ್ರು ಟಿಕೆಟ್ ಇಲ್ದೆ ಫುಟ್‌ಬೋರ್ಡಲ್ಲಿ ನೇತಾಡ್ತಿದಾರೆ. ಅಷ್ಟಕ್ಕೆ ಬಸ್ಸನ್ನೇ ಗುಜರಿಗೆ ಹಾಕ್ತಾರಾ ಮೇಡಂ?”

“ಫುಟ್‌ಬೋರ್ಡಲ್ಲಿದ್ರೆ ಪರವಾಗಿಲ್ಲ. ಸ್ಟೇರಿಂಗ್ ಹಿಡ್ಕೊಂಡು ಕೂತಿದ್ರೆ ಕಷ್ಟ. ನಾವು ನೋಡಿದ್ದು ಫುಟ್‌ಬೋರ್ಡ್ ಮಾತ್ರ. ಆ ಭಾಗದಿಂದ ಮುಂದೆ ಬೆಳೆಯೋದು ಮಾಸು, ಅಂದ್ರೆ ಪ್ಲಾಸೆಂಟಾ, ಮಗು ಅಲ್ಲ. ಮಗುವಾಗೋ ಕೋಶಗಳು ಒಳಗಡೆ ಬೇರೆ ಇವೆ. ಅವನ್ನ ನಾವು ಮುಟ್ಟಲ್ಲ.”

ಬಡಗಿ ಮೊದಲ ಸಲ ತಲೆ ಎತ್ತುತ್ತಾರೆ. “ಇಟ್ಟರೆ ಏನಾಗುತ್ತೆ?”

“ನಿಲ್ಲದೇ ಹೋಗಬಹುದು. ನಿಂತು ಕಳಚಬಹುದು. ಸರಿಯಾಗಿ ಹುಟ್ಟಬಹುದು, ಹಾಗೆ ಹುಟ್ಟಿರೋ ಮಕ್ಕಳು ಬೇಕಾದಷ್ಟು ಜನ ಇದಾರೆ. ತೊಂದರೆ ಇಟ್ಕೊಂಡೂ ಹುಟ್ಟಬಹುದು. ನಾಲ್ಕನೇ ತಿಂಗಳಲ್ಲಿ ಹೊಟ್ಟೆಯೊಳಗೆ ಮಗು ಸುತ್ತ ಇರೋ ನೀರು ತೆಗೆದು ಪರೀಕ್ಷೆ ಮಾಡಿದ್ರೆ ತಿಳಿಯುತ್ತೆ. ಅಲ್ಲಿವರೆಗೆ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಬೇಕಾದ್ರೆ ಇನ್ನೊಂದ್ಸಲ ಕೋಶ ತೆಗೆದು ನೋಡಬಹುದು.”

“ಬೇಡ,” ಎನ್ನುತ್ತಾರೆ ಕಂಡಕ್ಟರು. “ಒಂದ್ಸಲ ಚುಚ್ಚಿದೀರಲ್ಲ, ಸಾಕು.” ಆಮೇಲೆ ಗಂಡನ ಕಡೆ ತಿರುಗಿ, ಪ್ಯಾಸೆಂಜರಿಗೆ ಹೇಳುವ ದನಿಯಲ್ಲಿ, “ರೀ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ. ನಿಮ್ಮ ಮನಸಲ್ಲಿ ಏನಿದೆ ಹೇಳಿ.”

ಬಡಗಿಯ ಬೆರಳು ಮೇಜಿನ ಹಲಗೆಯ ಒಂದು ಗಂಟಿನ ಮೇಲೆ ನಿಲ್ಲುತ್ತದೆ. “ಗಂಟು ಇದೆ ಅಂತ ಹಲಗೆ ಬಿಸಾಕೋನಲ್ಲ ನಾನು,” ಎನ್ನುತ್ತಾರೆ.

ವರದಿ ಕೆಳಗಿನ ಕೋಣೆಗೆ ಬಂದಾಗ ಅಕ್ಕ ಅದನ್ನು ಎರಡು ಸಲ ಓದುತ್ತಾರೆ. ಒಂದು ವಿಷಯ ಡಾಕ್ಟರಮ್ಮನಿಗೂ ಗೊತ್ತು, ಅಕ್ಕನಿಗೂ ಗೊತ್ತು: ಲೇಸರ್ ಹೆಚ್ಚು ತಾಗಿ ಬೆಂದ ಕೋಶ, ಎಳೆದು ಹರಿದ ಕೋಶ ಸುಳ್ಳು ಸಾಕ್ಷಿ ಹೇಳಬಲ್ಲದು. ಲೆಕ್ಕ ಸರಿಯಿದ್ದದ್ದೂ ಮಿಶ್ರವಾಗಿ ಕಾಣಬಹುದು.

“ಆವತ್ತು ತೆಗೆಯುವಾಗ ಏನಾದ್ರೂ...” ಎಂದು ಡಾಕ್ಟರಮ್ಮ ಶುರುಮಾಡುತ್ತಾರೆ.

“ನನ್ನ ಕೈಯಲ್ಲಿ ಹಾಗಾಗಲ್ಲ ಮೇಡಂ.” ಮಾತು ಮುಗಿಯುವ ಮೊದಲೇ ಬಿದ್ದ ಉತ್ತರ. ಸಾಕ್ಷಿಯಣ್ಣ ಗೋಡೆ ನೋಡುತ್ತಾರೆ. ಅವರು ಸಾಕ್ಷಿ ಹೇಳುವುದು ಹೆಸರಿಗೆ ಮಾತ್ರ.

ಆದರೆ ಆ ಸಂಜೆ ಮನೆಯಲ್ಲಿ ಅಕ್ಕ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಾರೆ. ತಾಯಿಗೆ ಈಗ ಕಣ್ಣು ಮಂಜು. ಆದರೂ ಕಲಸುವ ಸದ್ದು ಕೇಳಿಸುತ್ತದೆ.

“ಏನೇ, ಅನ್ನಕ್ಕೂ ರಫೂ ಮಾಡ್ತಿದೀಯಾ?”

ಹೆಸರು ಹೇಳದೆ ಅಕ್ಕ ಎಲ್ಲ ಹೇಳುತ್ತಾರೆ. ತಾಯಿ ಅರ್ಥವಾದಷ್ಟು ಕೇಳಿಸಿಕೊಂಡು ಹಳೆಯ ಕಥೆಯೊಂದನ್ನು ತೆಗೆಯುತ್ತಾರೆ. ಯಾರೋ ದೊಡ್ಡ ಮನುಷ್ಯರ ಕೋಟು. ಒಳ ಅಂಚಿನ ನೂಲು ಕಿತ್ತು ಭುಜದ ಮೇಲಿನ ತೂತು ಮುಚ್ಚಿದ್ದರು. ಅಂಗಡಿಯ ದೀಪದಲ್ಲಿ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಹೋದ ಕೂಡಲೇ ಭುಜದ ಮೇಲೆ ಕರಿ ಚುಕ್ಕೆ. ಕೋಟಿನ ಮುಂಭಾಗ ವರ್ಷಗಟ್ಟಲೆ ಬಿಸಿಲುಂಡು ಮಾಸಿತ್ತು, ಅಂಚು ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇತ್ತು.

“ಅಂಚು ನೋಡಿ ಮುಂದಿನ ಬಣ್ಣ ಹೇಳೋಕಾಗಲ್ಲ ಕಣೇ. ಅದು ಒಂದು.” ತಾಯಿ ನೀರು ಕುಡಿಯುತ್ತಾರೆ. “ಇನ್ನೊಂದು, ನೂಲು ಕಿತ್ತವಳ ಕೈ ಬೆವರಿತ್ತು ಅಂತಿಟ್ಕೋ. ಆಗಲೂ ಬಣ್ಣ ಬೇರೇನೇ ಕಾಣುತ್ತೆ.”

“ನನ್ನ ಕೈ ಬೆವರಲ್ಲ.”

“ನಿನ್ನ ಕೈಯಲ್ಲ ಮಹರಾಯ್ತಿ, ನನ್ನ ಕೈ ಹೇಳಿದ್ದು. ಊಟ ಮಾಡು.”

ಇದನ್ನು ಈಗ ಹೇಳುವಾಗ ಅಕ್ಕ ತಾವೇ ನಗುತ್ತಾರೆ. ಆ ರಾತ್ರಿ ನಗಲಿಲ್ಲವಂತೆ. ಆ ಹೆಚ್ಚಿನ ಮಿಂಚು ಕಣ್ಣು ಮುಚ್ಚಿದರೂ ಕಾಣುತ್ತಿತ್ತಂತೆ. ಬೆಳಿಗ್ಗೆ ಡಾಕ್ಟರಮ್ಮನ ಬಾಗಿಲು ತಟ್ಟಿ ಒಂದೇ ಮಾತು ಹೇಳಿದರು: “ಆವತ್ತು ಒಂದು ಎಳೆ ಹಠ ಮಾಡ್ತು ಮೇಡಂ. ಲೇಸರ್ ಇನ್ನೊಂದ್ಸಲ ಹೊಡೆದೆ. ಅದರಿಂದ ಆಗಿರಬಹುದು, ಆಗದೇನೂ ಇರಬಹುದು. ಅವರಿಗೂ ಹೇಳಿ. ಮತ್ತೆ ಅದನ್ನ ನೈಟ್ರೋಜನ್ ಡಬ್ಬಿಯಿಂದ ಹೊರಗೆ ತೆಗೆಯೋ ದಿನ ನಾನೇ ತೆಗೀತೀನಿ.”

ಡಾಕ್ಟರಮ್ಮ ಫೋನಿನಲ್ಲಿ ತಿಳಿಸಿದರು. ಕಂಡಕ್ಟರು ಕೇಳಿದ್ದು ಇಷ್ಟೇ: “ಹೇಳಿದ್ರಲ್ಲ, ಒಳ್ಳೇದು. ಹೇಳದೇ ಇದ್ದಿದ್ರೆ ಗೊತ್ತಾಗ್ತಿತ್ತಾ?” ಗೊತ್ತಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಒಪ್ಪಿಕೊಂಡರು. “ಹಾಗಾದ್ರೆ ಆ ಕೈಯೇ ತೆಗೀಲಿ,” ಎಂದರು ಕಂಡಕ್ಟರು.

ಮತ್ತೊಂದು ಬೆಳಗಿನ ಜಾವ. ಸಾಕ್ಷಿಯಣ್ಣ ಹೆಸರು ಓದುತ್ತಾರೆ. ನೈಟ್ರೋಜನ್ ಹೊಗೆಯೊಳಗಿಂದ ಬಂದ ಭ್ರೂಣ ಬೆಚ್ಚಗಿನ ಹನಿಗೆ ಇಳಿಯುತ್ತದೆ. ಮೈಕ್ರೋಸ್ಕೋಪಿಗೆ ಜೋಡಿಸಿದ ಪರದೆಯ ಮೇಲೆ ಅದು ಕಾಣುತ್ತದೆ: ಗಾಳಿ ಹೋದ ಚೆಂಡು. ಸುಕ್ಕುಗಟ್ಟಿ, ಸಿಪ್ಪೆಯ ಒಂದು ಮೂಲೆಯಲ್ಲಿ ಮುದುಡಿ ಬಿದ್ದಿದೆ. ಬದುಕಿದೆಯೋ ಇಲ್ಲವೋ ನೋಡಿದವರು ಹೇಳಲಾರರು. ಕಾವಿಗೆ ಇಟ್ಟು ಕಾಯುವುದೊಂದೇ ದಾರಿ. ಮೇಲಿನ ಮಹಡಿಯಲ್ಲಿ ಕಂಡಕ್ಟರು ನೀಲಿ ಗೌನು ತೊಟ್ಟು ಕಾಯುತ್ತಿದ್ದಾರೆ, ಬಡಗಿ ಕಾರಿಡಾರಿನಲ್ಲಿ ಕಾಯುತ್ತಿದ್ದಾರೆ, ಅಕ್ಕ ಇಲ್ಲಿ. ಅಕ್ಕ ಆ ದಂಪತಿಯ ಮುಖ ನೋಡಿಲ್ಲ. ನೋಡುವ ಪದ್ಧತಿಯೂ ಇಲ್ಲ.

ಬಹಳ ಹೊತ್ತಿನ ಮೇಲೆ ಸುಕ್ಕು ಸ್ವಲ್ಪ ಸಡಿಲವಾಗುತ್ತದೆ. ಮುದುಡಿದ್ದು ಉಬ್ಬುತ್ತದೆ, ತುಸು ಕುಗ್ಗುತ್ತದೆ, ಮತ್ತೆ ಇನ್ನಷ್ಟು ಉಬ್ಬುತ್ತದೆ. ಉಸಿರೆಳೆದುಕೊಂಡಂತೆ. ಶ್ವಾಸಕೋಶವಿಲ್ಲ, ಹೃದಯವಿಲ್ಲ, ನರವಿಲ್ಲ. ಏನೂ ಇಲ್ಲದ ಇನ್ನೂರು ಕೋಶಗಳ ಗುಂಪೊಂದು ಹಿಮದಿಂದ ಎದ್ದು ಮೈಮುರಿಯುತ್ತಿದೆ. ಸಿಪ್ಪೆ ತುಂಬಿದ ಮೇಲೂ ಅದು ನಿಲ್ಲುವುದಿಲ್ಲ. ಒಂದು ಕಡೆಯಿಂದ ಹೊರಗೆ ತಲೆ ಹಾಕುತ್ತಿದೆ.

“ನೋಡಿ,” ಎನ್ನುತ್ತಾರೆ ಅಕ್ಕ. ದನಿ ಇದ್ದಕ್ಕಿದ್ದಂತೆ ಇಳಿದಿದೆ. “ಆ ತೂತು ನಾನು ಕೊರೆದಿದ್ದು. ಆವತ್ತು ಕಿತ್ತಿದ್ದೂ ಅಲ್ಲಿಂದಲೇ. ಎಲ್ಲಿ ಗಾಯ ಮಾಡಿದ್ನೋ ಅಲ್ಲಿಂದಲೇ ಬರ್ತಿದೆ.”

ಸಾಕ್ಷಿಯಣ್ಣ ಗಂಟಲು ಸರಿಮಾಡಿಕೊಳ್ಳುತ್ತಾರೆ. ಘೋಷಿಸಲು ಏನೂ ಇಲ್ಲ. ಆದರೂ ಹೆಸರನ್ನು ಇನ್ನೊಮ್ಮೆ ಓದುತ್ತಾರೆ, ಈ ಸಲ ಮೆಲ್ಲಗೆ.

ಭ್ರೂಣ ಮಹಡಿ ಹತ್ತಿತು. ಗರ್ಭ ನಿಂತಿತು. ಆಮೇಲಿನ ತಿಂಗಳುಗಳಲ್ಲಿ ಅಕ್ಕ ಆ ವಿಷಯ ಎತ್ತಲೇ ಇಲ್ಲ. ದಿನಕ್ಕೆ ನಾಲ್ಕೈದು ಭ್ರೂಣ, ಒಂದೊಂದರಿಂದ ಐದಾರು ಕೋಶ. ಬಂದವರನ್ನು ಮೂಸುವುದು, ಕತ್ತು ನೀವುವುದು. ಲೇಸರ್ ಹೊಡೆಯುವ ಮುನ್ನ ಮಾತ್ರ ಮೊದಲಿಗಿಂತ ಒಂದು ಗಳಿಗೆ ಹೆಚ್ಚು ಕಾಯುತ್ತಾರೆ ಎಂದು ಸಾಕ್ಷಿಯಣ್ಣ ಗಮನಿಸಿದ್ದಾರೆ.

ನಾಲ್ಕನೇ ತಿಂಗಳ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ತಾವೇ ಕೆಳಗೆ ಬರುತ್ತಾರೆ. ಚಪ್ಪಲಿ ಬಿಟ್ಟು, ಹೊಸ್ತಿಲಲ್ಲೇ ನಿಲ್ಲುತ್ತಾರೆ. ಇವತ್ತು ಅವರು ಸೆಂಟು ಹಾಕಿದ್ದಾರೆ, ಒಳಗೆ ಬಿಡುವುದಿಲ್ಲ ಎಂದು ಅವರಿಗೂ ಗೊತ್ತು.

“ಅಕ್ಕ, ಎಲ್ಲ ಜೋಡಿನೂ ಸರಿಯಾಗಿದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.”

ಅಕ್ಕ ನಳಿಕೆ ಕೆಳಗಿಡುತ್ತಾರೆ. ಕೈ ಒರೆಸಿಕೊಳ್ಳುತ್ತಾರೆ. ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ.

“ಹಾಗಾದ್ರೆ ಅಂಚಲ್ಲಿ ಕಂಡಿದ್ದೇನು ಮೇಡಂ?”

“ಅಂಚಲ್ಲಿ ಮಾತ್ರ ಇದ್ದಿರಬಹುದು. ಕೆಟ್ಟಿದ್ದ ಕೋಶಗಳನ್ನ ಅದೇ ಹಿಂದೆ ಬಿಟ್ಟು ಮುಂದೆ ಹೋಗಿರಬಹುದು, ಹಾಗೂ ಮಾಡುತ್ತವೆ ಅವು. ಇಲ್ಲಾ ಆವತ್ತು ನಿಮ್ಮ ಕೈ ತಪ್ಪಿರಬಹುದು. ಯಾವುದು ಅಂತ ಇನ್ನು ಯಾರೂ ಹೇಳೋಕಾಗಲ್ಲ.” ಡಾಕ್ಟರಮ್ಮನ ಮುಖದಲ್ಲಿ ತುಂಟತನ. ಈ ಕೈಯ ಹೆಮ್ಮೆ ಅವರಿಗೆ ಗೊತ್ತಿಲ್ಲದ್ದೇನಲ್ಲ. “ಫೈಲಲ್ಲಿ ಏನು ಬರೀಲಿ? ನೀವೇ ಹೇಳಿ.”

ಅಕ್ಕ ಯೋಚಿಸುವುದಿಲ್ಲ.

“ನನ್ನ ಕೈಯದೇ ತಪ್ಪು ಅಂತ ಬರ್ಕೊಳ್ಳಿ ಮೇಡಂ,” ಎನ್ನುತ್ತಾರೆ. “ಮಗು ಹುಟ್ಟೋಕೆ ಮುಂಚೆನೇ ಕೆಟ್ಟ ಹೆಸರು ಹೊತ್ಕೊಂಡು ಬರೋದು ಬೇಡ.”